ಮೂವತ್ತು ಎಂ.ಎಲ್.

ಗೋವಾಕ್ಕ ಹೋಗಿಬಂದ ಅಳಿಯ ಹರಿಬಾಬು
ಲುಂಗಿಯೊಳಗ ಸುತ್ತಿ ತಂದ ಮೂರು ಗಿಡ್ಡ ಬಾಟ್ಲಿ:
ಒಂದು ಕಿತ್ತಳೆ, ಒಂದು ಕಾಫಿ,
ಮೂರನೇದು ಬಟ್ಟಿಗೆ ಹಾಕೋ ನೀಲಿಗಿಂತ ನೀಲಿ.
ಮೂರು ತಿಂಗಳಿಂದ ಅಲಮಾರದಾಗ
ಎಕ್ಸ್-ರೇ ಲಕೋಟಿಗಳ ಹಿಂದ ನಿಂತಾವ,
ಬೀಗರ ಮುಂದ ಬರಲಾರದ ಹುಡುಗರಂಗ.

ಇವತ್ತು ಐತವಾರ. ಮೇ ತಿಂಗಳು. ಕಲಬುರಗಿ.
ರಾತ್ರಿ ಒಂಬತ್ತಾದರೂ ಮಾಳಿಗಿಯ ಶಹಾಬಾದ ಫರಸಿ
ಅಂಗಾಲಿಗೆ ಹಗಲಿನ ಲೆಕ್ಕ ಒಪ್ಪಿಸ್ತದ.
"ತೆಗೀರಿ ಅವನ್ನ," ಅಂದಳು ಅನುಸೂಯಾ,
"ಯಾರ ಸಲುವಾಗಿ ಇಟ್ಟೀರಿ?"

ನಾನು ಕಂಪೌಂಡರ್. ಅಳತಿ ಬಿಟ್ಟರ ಬ್ಯಾರೆ ಧರ್ಮ ಇಲ್ಲ.
ಕೆಮ್ಮಿನ ಔಷಧದ ಮ್ಯಾಗಿನ ಪ್ಲಾಸ್ಟಿಕ್ ಟೊಪ್ಪಿಗಿ,
ಐದು, ಹತ್ತು, ಹದಿನೈದು ಅಂತ ಗೆರಿ ಇದ್ದದ್ದು,
ಎರಡು ಸಲ ತುಂಬಿದರ ಮೂವತ್ತು.
ಅಲ್ಲಾಡಸ್ಲಾಕ ನನ್ನ ಊಟದ ಡಬ್ಬಿ.
ಮುಚ್ಚಳ ಸಡಿಲ, ಮ್ಯಾಗ ಕರ್ಚೀಫು ಬಿಗಿದೆ.
ಐಸಿಗೆ ಮೆಂತೆಪಲ್ಲೆ ವಾಸನಿ;
ಏನು ಮಾಡೂದು, ಫ್ರಿಜ್ಜು ಒಂದೇ, ಸಂಸಾರ ಒಂದೇ.

ಕಿತ್ತಳೆ ಮೂವತ್ತು. ಲಿಂಬಿ ಹದಿನೈದು. ಚಿಟಿಕಿ ಉಪ್ಪು.
ಗ್ಲಾಸಿನ ಕಂಠದ ತನಕ ಸೋಡಾ.
ಅನುಸೂಯಾ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ,
"ಪೆಪ್ಪರಮಿಂಟಿನ ಅಂಗಡ್ಯಾಗ ಯಾರೋ
ಜಗಳ ತೆಗೆದಂಗ ಅದ" ಅಂದಳು.
ನೀಲಿಗೆ ಮಾವಿನ ರಸ ಬೆರೆಸಿದೆ.
ಕೆರಿ ಪಾಚಿ ಬಣ್ಣ ಬಂತು.
ಅದನ್ನ ಬಚ್ಚಲಕ್ಕ ಕುಡಿಸಿದಿವಿ.

ಆಗ ಮೂಲಿಯ ಕೌದಿ ಮಾತಾಡಿತು:
"ಕತ್ತಲದಾಗ ಏನು ಕಲಸ್ಲತ್ತೀರಿ?"

ಬಾಲಮ್ಮ. ನಮ್ಮ ಅವ್ವನ ಅವ್ವ.
ತೊಡಿ ಎಲುಬು ಮುರಕೊಂಡು ಗುರುಮಠಕಲ್ಲಿನಿಂದ ಬಂದಾಕಿ.
ನಲವತ್ತು ವರ್ಷ ಸೇಂದಿ ಮಾರಿದಾಕಿ.
ಮದಿವಿ ಮಾತಿನ್ಯಾಗ ಅನುಸೂಯಾನ ಮನಿಯವರಿಗೆ
ನಾನು ಹೇಳಿದ್ದು: ಕಿರಾಣಿ ಅಂಗಡಿ.

ಕಾಫಿ ಬಾಟ್ಲಿ ಮೂಗಿಗೆ ಹಿಡಿದಳು ಆಯಿ.
"ಯಾವಾಗಿಂದು?"
ತಿಂಗಳು ಮೂರಾಯಿತು ಅಂದೆ.
"ಮೂರು ತಿಂಗಳಾದರೂ ಹುಳಿ ಆಗಿಲ್ಲ?
ನಮ್ಮದು ಮುಂಜಾನಿ ಕೂಸು, ಮಧ್ಯಾಹ್ನ ಹರೇದ ಹುಡುಗ,
ಹೊತ್ತು ಮುಳುಗೂದರಾಗ ಯಾರ ಮಾತೂ ಕೇಳದ ಮುದುಕ.
ಇದಕ್ಕ ವಯಸ್ಸೇ ಆಗಂಗಿಲ್ಲೇನು?
ಪಾಪ."

ಸ್ಟೀಲಿನ ವಾಟಿ ತರಿಸಿದಳು.
ನೋಡಲಿಲ್ಲ. ಮಾರಿ ಆ ಕಡೆ, ಸ್ಟೇಷನ್ನಿನ ದೀಪದ ಕಡೆ.
ಕಿವಿ ಮಾತ್ರ ಈ ಕಡೆ.
ಸುರಿದಳು. ನಿಲ್ಲಿಸಿದಳು.
ನಾನು ಟೊಪ್ಪಿಗಿಗೆ ಬಗ್ಗಿಸಿ ಅಳೆದೆ:
ಒಂದು ತುಂಬ. ಎರಡು ತುಂಬ.
ವಾಟ್ಯಾಗ ಒಂದು ಹನಿ ಉಳಿದಿಲ್ಲ.
"ಇನ್ನೊಮ್ಮೆ" ಅಂದೆ. ಮತ್ತ ಮೂವತ್ತು.
ಮೂರನೇ ಸಲ ಸುರಿದು, ನಿಲ್ಲಿಸಿ,
ಬಾಟ್ಲಿಯ ಕುತ್ತಿಗಿ ಚೂರು ಬಾಗಿಸಿದಳು.
"ಇದು ಹೆಚ್ಚಾಯಿತು ಆಯಿ."
"ಹೆಚ್ಚಲ್ಲೋ ಹುಚ್ಚಪ್ಪ, ಕೊಸರು.
ಕೊಸರಿಲ್ಲದ ಅಳತಿಗಿ ಗಿರಾಕಿ ತಿರುಗಿ ಬರಂಗಿಲ್ಲ."

ಅನುಸೂಯಾ ನನ್ನ ನೋಡ್ಲಿಲ್ಲ.
"ಆಯಿ, ಕಿರಾಣಿ ಅಂಗಡ್ಯಾಗ
ಸುರಿಯೂದು ಇಷ್ಟು ಚಂದ ಕಲಿತ್ರೇನು?"
"ಯಾವ ಕಿರಾಣಿ?"

ದೂರ ಒಂದು ಗೂಡ್ಸ್ ಗಾಡಿ,
ಎಷ್ಟು ಡಬ್ಬಿ ಇದ್ದವೋ, ಮುಗೀಲೇ ಇಲ್ಲ.
ಅಷ್ಟೂ ಹೊತ್ತು ನಾನು ಟೊಪ್ಪಿಗಿಯ ಗೆರಿ ಓದಿದೆ.
ಆಮ್ಯಾಲ ಅನುಸೂಯಾ ಎದ್ದು
ಕೆಳಗ ಹೋದಳು. ಇಳಿದ ಸಪ್ಪಳ,
ಹತ್ತಿದ ಸಪ್ಪಳ. ಕೈಯಾಗ ತಣ್ಣನ ಹಾಲು, ಮೂರು ಲೋಟ.
"ನನಗ ಕೊಸರು ಹಿಡಿದು ಹಾಕ್ರಿ," ಅಂದಳು ಆಯಿಗೆ.
"ಇವರಿಗೆ ಗೆರಿ ತನಕ ಸಾಕು."

ಸೋಮವಾರ ದವಾಖಾನ್ಯಾಗ
ಕೆಮ್ಮೋ ಹುಡುಗಿಗೆ ಐದು ಎಂ.ಎಲ್. ಹಾಕುವಾಗ
ಕಣ್ಣು ಮುಚ್ಚಿ ಕಿವಿಗೊಟ್ಟೆ.
ಏನೂ ಕೇಳಲಿಲ್ಲ.
ಕಣ್ಣು ತೆರೆದು, ಗೆರಿ ನೋಡಿ, ನಿಲ್ಲಿಸಿದೆ.
ಟೊಪ್ಪಿಗಿ ಹೊಸದು.
ಹಳೇದು ಮನ್ಯಾಗ ಅದ, ಆಯಿಯ ದಿಂಬಿನ ಬಾಜೂಕ,
ಕಾಫಿ ವಾಸನಿ ಹೋಗವಲ್ಲದು.