ಹದಿನಾಲ್ಕನೇ ನಂಬರಿನ ಕುರ್ಚಿ

ಭಾನುವಾರ ಐದೂವರೆಗೆ ಚಿಕ್ಕಪೇಟೆಯಲ್ಲಿ
ಸೂರ್ಯನಿಗೂ ಮೊದಲು ಟಾರ್ಚುಗಳು ಏಳುತ್ತವೆ.
ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ ತಾಡಪಾಲು,
ತಾಡಪಾಲಿನ ಮೇಲೆ ಯಾರದೋ ಮನೆ ಖಾಲಿಯಾದದ್ದು:
ಒಂಟಿ ಸಾಸರು, ಕಿವಿ ಮುರಿದ ರೇಡಿಯೋ,
ಬೀಗವಿಲ್ಲದ ಕೀಲಿಗಳ ಒಂದು ಬುಟ್ಟಿ,
ಕಟ್ಟಿಸಿದ ಹಲ್ಲಿನ ಒಂದು ಸೆಟ್ಟು.
ಅದೂ ಹೋಗುತ್ತದೆ. ಕಳೆದ ತಿಂಗಳು ಒಬ್ಬ ಚೌಕಾಶಿ ಮಾಡಿ ಕೊಂಡ.

ನಾನು ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ನಕ್ಷೆ ಎಳೆದವನು.
ಬಾಗಿದ ಗೆರೆ ಕಂಡರೆ ಅದರ ತ್ರಿಜ್ಯ ಬಾಯಿಗೆ ಬರುತ್ತದೆ,
ಬೇರೆಯವರಿಗೆ ಆಕಳಿಕೆ ಬರುವ ಹಾಗೆ.
ಬೇಕಾದದ್ದು ಒಂದೇ ಒಂದು ಬೇಕಲೈಟ್ ಸ್ವಿಚ್ಚು,
ಕರಿಯದು, ದುಂಡನೆಯದು,
ಒತ್ತಿದರೆ ಟಿಕ್ ಎನ್ನದೆ ಟೊಕ್ ಎನ್ನುವಂಥದು.
ಆರು ವರ್ಷವಾಯಿತು ಹುಡುಕಿ.
ಸಿಕ್ಕಿಬಿಟ್ಟರೆ ಭಾನುವಾರಗಳನ್ನು ಏನು ಮಾಡುವುದು
ಎಂಬ ಭಯವೂ ಇದೆ.

"ಕಂಪಾಸು ಸಾರ್, ಬ್ರಿಟಿಷ್ರ ಹಡಗಿಂದು" ಎಂದ ಪ್ಯಾರೇಜಾನ್.
ತಿರುಗಿಸಿ ನೋಡಿದೆ. ಇಸವಿ ಕೊರೆದಿದ್ದಾರೆ,
ಕೊರೆದ ಅಂಚು ಇನ್ನೂ ಬೆರಳಿಗೆ ಚುಚ್ಚುತ್ತದೆ.
ಹುಣಸೆಹಣ್ಣು ತಿಕ್ಕಿ ನಮ್ಮಮ್ಮ ಕಳೆಯುತ್ತಿದ್ದ ಕಿಲುಬನ್ನು
ಇವರು ಆಸಿಡ್ ಸವರಿ ಬರಿಸುತ್ತಾರೆ.
ನಾನು ನಕ್ಕೆ. ಅವನೂ ನಕ್ಕ.
"ನಿಮಗಲ್ಲ ಬಿಡಿ. ಹೋಟೆಲ್‌ನೋರು ಬರ್ತಾರೆ, ಗೋಡೆಗೆ ಹಾಕೋಕೆ."

ಅವನ ಹಿಂದೆ ಮಡಚಿಕೊಂಡು ನಿಂತಿತ್ತು ಅದು.
ಸಾಗುವಾನಿ. ಬಟ್ಟೆ ಹೋಗಿದೆ.
ಮೂರು ಚೌಕಟ್ಟು, ಎರಡು ಹಿತ್ತಾಳೆ ಕೀಲು,
ತಲೆ ಇಡುವ ಪಟ್ಟಿಯ ಮೇಲೆ ಮಾಸಿದ ಬಿಳಿ ಬಣ್ಣದಲ್ಲಿ
ಬೀಚ್ ಲಾಡ್ಜ್, ೧೪.
ಮುಂದಿನ ಹೆಸರನ್ನು ಎಷ್ಟು ತಲೆಗಳ ಎಣ್ಣೆ ತಿಂದಿತೋ.

ಬಿಚ್ಚಿದೆ. ಕೀಲು ಮುಲುಕಿತು.
ರಸ್ತೆಯ ಮೇಲೆ ಉದುರಿತು ಒಂದು ಚಿಟಿಕೆ ಮರಳು.
ಎಂ-ಸ್ಯಾಂಡ್ ಅಲ್ಲ,
ಈ ಊರಿನ ಪ್ರತಿ ಬೀದಿಯಲ್ಲೂ ರಾಶಿ ಬಿದ್ದಿರುವ
ಆ ಬೂದು ಪುಡಿಯಲ್ಲ.
ಬೆಳ್ಳಗೆ, ನುಣ್ಣಗೆ, ನಡುವೆ ಉಗುರಿನಷ್ಟು ಚಿಪ್ಪು.

ಪ್ಯಾರೇಜಾನ್‌ಗೆ ನಾಚಿಕೆಯಾಯಿತು.
"ಕಚಡಾ ಸಾರ್, ಹುಡುಗ ಒರೆಸಿಲ್ಲ."
ಉಫ್ ಎಂದು ಊದಿ
ತಾನಾಗಿಯೇ ಐವತ್ತು ಇಳಿಸಿದ.
ಇಡೀ ಬಜಾರಿನಲ್ಲಿ ನಿಜವಾದ ಸರಕು ಅದೊಂದೇ ಇತ್ತು,
ಅದನ್ನು ಊದಿಬಿಟ್ಟ.

ಮೆಟ್ರೋ ಗಾರ್ಡು ಕುರ್ಚಿಯನ್ನೂ ನನ್ನನ್ನೂ ನೋಡಿ
ಎರಡಕ್ಕೂ ತಲೆಯಲ್ಲಾಡಿಸಿದಳು.
ಆಟೋದವನು ಮೀಟರಿನ ಮೇಲೆ ಮೂವತ್ತು ಕೇಳಿ,
"ಮಂಚ ಆಗಿದ್ರೆ ಅರವತ್ತು" ಎಂದು ಸಮಾಧಾನ ಹೇಳಿದ.
ಟೈಲರ್ ಗುಲ್ನಾರಮ್ಮ ಪಟ್ಟೆ ಕ್ಯಾನ್ವಾಸು ಹರವಿಕೊಂಡು
"ಇದು ಜೋಕಾಲಿನೋ ಕುರ್ಚಿನೋ
ಮೊದಲು ತೀರ್ಮಾನ ಮಾಡಿ" ಅಂದರು.

ಮೂರನೇ ಮಹಡಿ. ಬಾಲ್ಕನಿ.
ಎದುರಿಗೆ ಕರಿಯ ನೀರಿನ ಟ್ಯಾಂಕುಗಳು.
ಕೂತೆ.
ಕೂತಮೇಲೆ ಗೊತ್ತಾಯಿತು, ಏಳಲಾಗುವುದಿಲ್ಲ.
ಮಂಡಿ ಮೇಲೆ, ಸೊಂಟ ಕೆಳಗೆ, ಮುಖ ಆಕಾಶಕ್ಕೆ.
ಹಿಡಿಯಲು ತೋಳಿಲ್ಲ.
ಒಂದೆರಡು ಸಲ ತಿಣುಕಿ, ಬಿಟ್ಟು, ಲೆಕ್ಕ ಹಾಕಿದೆ:
ಬೆನ್ನಿಗೂ ಕೂರುವ ಜಾಗಕ್ಕೂ ನೂರಿಪ್ಪತ್ತೆಂಟು ಡಿಗ್ರಿ.
ತಪ್ಪಲ್ಲ. ಬೇಕೆಂದೇ.
ನನ್ನಂಥವನೇ ಯಾವನೋ
ಓರೆ ಹಲಗೆಯ ಮುಂದೆ ಪೆನ್ಸಿಲು ಕಚ್ಚಿಕೊಂಡು
ಯೋಚಿಸಿದ್ದಾನೆ, ಇಲ್ಲಿಗೆ ಬಂದವನಿಗೆ
ಎದ್ದು ಹೋಗುವ ಕೆಲಸ ಇರಬಾರದು.
ನಾನು ಎಳೆದದ್ದೆಲ್ಲ ಗೇರು, ಷಾಫ್ಟು,
ನಿಲ್ಲಬಾರದ ಸಾಮಾನು.
ಇಂಥ ಒಂದು ಕೋನ ಯಾರೂ ನನ್ನಿಂದ ಕೇಳಲಿಲ್ಲ.

ಕೆಳಗೆ ಟ್ಯಾಂಕರ್ ಬಂತು. ಪೈಪು ಎಳೆದರು.
ಸಮುದ್ರ ಅಂದುಕೊಳ್ಳಲು ನೋಡಿದೆ,
ಆಗಲಿಲ್ಲ. ಟ್ಯಾಂಕರೇ.

ಏಳೂವರೆಗೆ ಪಕ್ಕದ ಮನೆಯ ಪ್ರಣೀತ್ ಬಂದು
ಎರಡೂ ಕೈ ಹಿಡಿದು ಎಳೆದ, ಬಾವಿಯಿಂದ ಎತ್ತಿದ ಹಾಗೆ.
"ಎಷ್ಟಕ್ಕೆ ಬಂತು ತಾತ?"
ಬಜಾರಿನವರ ಪದ್ಧತಿಯಂತೆ
ಇನ್ನೂರು ಕಡಿಮೆ ಮಾಡಿ ಹೇಳಿದೆ.
ಹೋಗುತ್ತ ಅವನು ದೀಪ ಹಾಕಿದ.
ಟಿಕ್.