ಇತರೆ ಬಾಬತ್ತು

ನೂರು ಹಾಳೆಯ ಎಂಟು ರಸೀತಿ ಪುಸ್ತಕ,
ಹಾಳೆಗೆ ಹತ್ತು ರೂಪಾಯಿ.
ಬನಹಟ್ಟಿಯ ನಮ್ಮ ವಾರ್ಡಿನೊಳಗ
ನಗರಸಭೆಗೆ ನಿಲ್ಲಾಕ ಇದ್ದ ಬಂಡವಾಳ ಇಷ್ಟು,
ಮತ್ತ ಕಂಡಿಕಿ ಸುತ್ತುವ ಇಂದ್ರವ್ವ ಕರಲಟ್ಟಿಯ ಗಂಟಲು.

ಲೆಕ್ಕ ನನ್ನದು.
ಗೋಂದಿನ ಡಬ್ಬಿ, ಕರಪತ್ರದ ಝೆರಾಕ್ಸು,
ಆಟೋ ಎರಡು ದಿನ, ಬ್ಯಾಟರಿ ಮೈಕು ಒಂದು.
ಮಗ್ಗ ನಿಂತಾಗ ಮಾತ್ರ ಮೈಕು ಹಚ್ಚರಿ,
ಅಂದರು ದಸ್ತಗೀರ್ ಮಾಸ್ತರು.
ಖಟಕ್ ಖಟಕ್ ನಡುವ ಕೂಗಿದರ
ಬಾಡಿಗೀನೂ ದಂಡ, ಮಾತೂ ದಂಡ.
ಕರೆಂಟು ಹೋಗೋ ಹೊತ್ತು ಬರೆದಿಟ್ಟುಕೊಂಡೆವು,
ನಮ್ಮ ರಣತಂತ್ರ ಅಂದರ ಅದೇ.

ಅತ್ತ ಅವರು ಮನೆಗೊಂದು ಮಿಕ್ಸರು ಹಂಚಿದರು
ರಾತ್ರಿ ಎರಡಕ್ಕ,
ಓಣಿಯ ನಾಯಿಗಳಿಗೂ ಬಿಸ್ಕೀಟು ಹಾಕಿ.

ನಾವೂ ಏನಾರ ಕೊಡೋಣು, ಒಂದು ಸ್ಟೀಲ್ ಡಬ್ಬಿಯಾದರೂ,
ಅಂದ ನಮ್ಮವನೇ ಪುಂಡಲೀಕ.
ಇಂದ್ರವ್ವ ಹಲ್ಲಾಗಿನ ನೂಲು ಉಗುಳಿ ಅಂದಳು:
"ಕೊಟ್ಟರ ಮಂದಿ ಕೇಳೋದು ನಿಂತುಹೋಗತೈತಿ, ತಮ್ಮಾ.
ಇಸ್ಕೊಳ್ಳೋಣು.
ಹತ್ತು ರೂಪಾಯಿ ಕೊಟ್ಟಾಕಿ
ನಾಳೆ ನನ್ನ ಸೆರಗು ಹಿಡದು ಕೇಳತಾಳ."

ನಾಳೆತನಕ ಯಾರೂ ಕಾಯಲಿಲ್ಲ.
ರಸೀತಿ ೨೧೭ರಾಕಿ ಕೇಳಿದಳು,
ಚಹಾಕ್ಕ ನಾನೂರಾ ಎಂಬತ್ತು ಯಾಕ?
೩೦೫ರಾಕಿ ಮಿಕ್ಸರಿನ ಪೆಟ್ಟಿಗಿ ಮ್ಯಾಲೆ ಕುಂತೇ
ಕುಪ್ಪಸದಿಂದ ನೋಟು ತೆಗೆದಳು:
"ಹೆಸರು ಬರೀಬ್ಯಾಡ."
ಬರೀದಿದ್ದರ ನಿಯಮಕ್ಕ ತಪ್ಪು, ಬರೆದರ ಆಕೀಗೆ ತಾಪತ್ರಯ.
ಹಿತೈಷಿ, ಅಂತ ಬರೆದೆ.

ಸೋತೆವು, ನಲವತ್ತೊಂದು ಓಟಿಗೆ.

ಖರ್ಚಿನ ವಿವರ ನಮೂನೆಯಲ್ಲೇ ಸಲ್ಲಿಸತಕ್ಕದ್ದು.
ಕಚೇರಿಯ ಮೇಜಿನ ಮ್ಯಾಲೆ ಎರಡು ಕಡತ ಪಕ್ಕಪಕ್ಕ:
ಗೆದ್ದವರು ತೋರಿಸಿದ ಒಟ್ಟು ಖರ್ಚು
ನಮ್ಮದಕ್ಕಿಂತ ತೊಂಬತ್ತು ರೂಪಾಯಿ ಕಡಿಮೆ.
ನೋಟೀಸು ನಮಗ ಬಂತು.
ನಲವತ್ತು ರೂಪಾಯಿ ಚಹಾಕ್ಕ ಚೀಟಿ ಇರಲಿಲ್ಲ,
'ಇತರೆ' ಅಂತ ಬರೆದಿದ್ದೆ.
ಗುಮಾಸ್ತ ನಗಲಿಲ್ಲ.
ಇಂದ್ರವ್ವ ನಕ್ಕಳು, ಕೆಮ್ಮು ಬರೋತನಕ.

ಇನ್ನೊಂದು ಲೆಕ್ಕ ಯಾವ ನಮೂನೆಯೊಳಗೂ ಕೂಡವಲ್ಲದು.
ಹರಿದ ರಸೀತಿ ಮುನ್ನೂರಾ ಮೂವತ್ತು,
ಬಿದ್ದ ಓಟು ಮುನ್ನೂರಾ ತೊಂಬತ್ತೆರಡು.
ಅರವತ್ತೆರಡು ಮಂದಿ
ನಮಗೊಂದು ಪೈಸೆ ಕೊಡಲಿಲ್ಲ,
ಅವರ ಮಿಕ್ಸರಿನಾಗ ಖಾರ ರುಬ್ಬಿಕೋತ ರುಬ್ಬಿಕೋತ
ಏನೋ ತೀರ್ಮಾನ ಮಾಡಿ
ಬಂದು ಒತ್ತಿ ಹೋಗ್ಯಾರ.
ಜಮಾ ಅನ್ನಲೋ, ಬಾಕಿ ಅನ್ನಲೋ?

ಸಂಜೆ ಆರಕ್ಕ ಕರೆಂಟು ಹೋತು.
ಒಂದೊಂದೇ ಮಗ್ಗ ನಿಂತವು.
ಮಾಸ್ತರು ಟಾರ್ಚು ಹಿಡಿದರು.
ನಾನು ಟ್ರಂಕಿನಿಂದ ಪುಸ್ತಕ ತೆಗೆದೆ.
೩೩೧ರಿಂದ.