ಹನ್ನೊಂದನೇ ಕಾಲಂ

ಬೆಳಗ್ಗೆ ಒಂಬತ್ತಾದರೂ ಉರಿಯುತ್ತಲೇ ಇತ್ತು ಟಾರ್ಚು,
ಹರಿದ ಡೇರೆಯೊಳಗೆ, ಬಿಸಿಲಿಗೆ ಬಿಳಿಚಿಕೊಂಡು.
ಯಾರೂ ಆರಿಸಲಿಲ್ಲ. ಸಾಕ್ಷಿ ಮುಟ್ಟಬಾರದಂತೆ.

ಐವರು ಪಂಚರು ಬೇಕು ಅಂದರು ಫಾರೆಸ್ಟಿನವರು.
ಅರೇಹಳ್ಳಿ ಪೇಟೆಯಿಂದ ಇಬ್ಬರು, ಕೂಲಿ ಲೈನಿನಿಂದ ಇಬ್ಬರು,
ಐದನೆಯವನು ನಾನು, ಹೊನ್ನಯ್ಯ ಬಿನ್ ದ್ಯಾವಯ್ಯ,
ಟಸ್ಕರ್ ವ್ಯೂ ಕ್ಯಾಂಪಿನ ಅಡಿಗೆಯವನು.

ಮೊದಲು ಟೇಪು ಹಿಡಿದರು.
ಹುಡುಗ ಬಿದ್ದದ್ದು ಗಡಿಕಲ್ಲಿನ ಈಚೆಗಾದರೆ ಪರಿಹಾರ,
ಆಚೆಗಾದರೆ ಅತಿಕ್ರಮ ಪ್ರವೇಶ.
ಓಡುವವನು ಕಲ್ಲು ನೋಡುತ್ತಾನೆಯೆ?
ಅವನದೊಂದು ಚಪ್ಪಲಿ ಈಚೆ, ಒಂದು ಆಚೆ.
ಎರಡು ಸಲ ಅಳೆದರು.
ಎರಡು ಸಲವೂ ಬೇರೆ ಬೇರೆ ಲೆಕ್ಕ.

ಧನಿಗಳು ಕಾಗದ ತಂದರು.
‘ನಮ್ಮ ಜವಾಬ್ದಾರಿಯಲ್ಲಿ ನಾವೇ ತಂಗುತ್ತೇವೆ’
ಕೆಳಗೆ ನಾಲ್ಕು ಸಹಿ. ಕೊನೆಯದು ಅವನದು,
ಬಾಲ ಉದ್ದಕ್ಕೆಳೆದು, ಎರಡು ಚುಕ್ಕಿ ಇಟ್ಟದ್ದು.
ಬೆಂಕಿ ಹಾಕಿದ್ವಿ ಸಾರ್, ಬೋರ್ಡೂ ಇತ್ತು ಅಂದರು.
ಬೆಂಕಿ ಹಾಕಿದ್ದು ನಾನು.
ಬೋರ್ಡು ಇದ್ದದ್ದೂ ನಿಜ.

ವಾಚರ್ ಪುಟ್ಟಲಿಂಗ ಮೊಬೈಲು ತೋರಿಸಿದ:
ರಾತ್ರಿ ಎಂಟೂ ನಲವತ್ತಕ್ಕೆ ಮೆಸೇಜು ಹಾಕಿದೀನಿ,
ಮೂರು ಆನೆ, ಒಂದು ಮರಿ, ಹಳ್ಳ ದಾಟಿವೆ.
ಸುಳ್ಳಲ್ಲ, ನನಗೂ ಬಂದಿದೆ.
ಆಂಬುಲೆನ್ಸಿಗೆ ಫೋನು ಮಾಡಲು
ಸಿಗ್ನಲ್ಲು ಸಿಗುವ ಪಂಪ್‌ಹೌಸಿನ ದಿಬ್ಬಕ್ಕೆ ಓಡಿದೆನಲ್ಲ,
ಆಗ ಟಿಣ್ ಅಂತ ಬಂತು.

ಮಧ್ಯಾಹ್ನ ತಿಪಟೂರಿನಿಂದ ಅವನ ಸೋದರಮಾವ ಬಂದರು,
ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು.
ಅಳಲಿಲ್ಲ. ಒಂದೇ ಮಾತು ಕೇಳಿದರು:
ಆನೆ ಯಾರದ್ದು?
ಎಮ್ಮೆ ಹೊಲ ಮೇಯ್ದರೆ ಎಮ್ಮೆಯವನನ್ನು ಕೇಳ್ತೀವಿ.
ಇದು ಯಾರದ್ದು?
ರೇಂಜರು ಕ್ಯಾಪು ತೆಗೆದು ತಲೆ ಒರೆಸಿಕೊಂಡರು.
ಧನಿಗಳು ಗೇಟಿನ ಕಡೆ ನೋಡಿದರು.
ಗೇಟಿನ ಮೇಲೆ ಸೊಂಡಿಲೆತ್ತಿ ನಗುವ ಆನೆ,
ಹಾಸನದ ಪೇಂಟರು ಬರೆದದ್ದು, ಒಂಬತ್ತು ಸಾವಿರಕ್ಕೆ.

ಯಾರೂ ನನ್ನನ್ನು ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.
‘ಆನೆ ಓಡಾಡುವ ಜಾಗ’ ಅನ್ನುವ ಬೋರ್ಡನ್ನು
ಫೋಟೋಗೆ ಅಡ್ಡ ಬರುತ್ತೆ ಅಂತ ಹೋದ ವರ್ಷವೇ
ಕಿತ್ತು ಸ್ಟೋರಿನ ಹಿಂದೆ ನೆಟ್ಟವನು ನಾನು.
ಹೇಳಿದವರು ಧನಿಗಳು. ಗುದ್ದಲಿ ನನ್ನದು.

ಮೊನ್ನೆ ರಾತ್ರಿ ಆ ಹುಡುಗ ಕೇಳಿದ್ದ,
ಅಣ್ಣಾ, ಆನೆ ಬರುತ್ತಾ?
ಹೆದರಿಕೆ ಅರ್ಧ, ಆಸೆ ಅರ್ಧ.
ಬಂದ್ರೆ ನಿಮ್ಮ ಅದೃಷ್ಟ ಅಂದೆ.
ನಕ್ಕು ಇನ್ನೂರು ರೂಪಾಯಿ ಕೊಟ್ಟ.
ಅದೇ ಖುಷಿಗೆ ಹಲಸಿನ ಹಣ್ಣು ಕೊಯ್ದೆ,
ಬೆರಳಿಗೆಲ್ಲ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿಕೊಟ್ಟೆ.
ಊರೆಲ್ಲ ಘಮ್ಮೆನ್ನುವ ಚಂದ್ರಬಕ್ಕೆ.

ಸಿಪ್ಪೆ ಹಾಕುವ ಗುಂಡಿ ಇರುವುದು ತೋಟದಾಚೆ.
ಕತ್ತಲು. ಒಬ್ಬನೇ. ಹೇಗೆ ಹೋಗಲಿ?
ಆನೆ ಗೀನೆ ಇದ್ದರೆ?
ಡೇರೆಯ ಹಿಂದಿನ ಪೊದೆಗೇ ಎಸೆದು
ಬಾಗಿಲು ಹಾಕಿಕೊಂಡು ಮಲಗಿದೆ.

ಅಷ್ಟೇ.
ಆನೆಗೆ ಹೆದರಿದ್ದಕ್ಕೆ ಆನೆಯನ್ನು ಕರೆದೆ.

ಹನ್ನೊಂದನೇ ಕಾಲಂ, ಘಟನೆಗೆ ಕಾರಣ.
ಜಾಗ ಬರೀ ಒಂದು ಗೆರೆ.
ರೇಂಜರು ಬರೆದರು: ಕಾಡಾನೆ.
ಓದಿ ಹೇಳಿದರು, ಸರಿ ಅಂದೆವು, ಐವರೂ ಸಹಿ ಮಾಡಿದೆವು.
ನನ್ನ ಹೆಸರಿನ ಒತ್ತಕ್ಷರ ಗೆರೆ ಮೀರಿ
ಕೆಳಗಿನ ಸಾಲಿಗೆ ಇಳಿಯಿತು.

ಜೀಪುಗಳು ಹೋದ ಮೇಲೆ ಗುಡಿಸಲು ಹೋದೆ.
ಸಿಪ್ಪೆ ಒಂದೂ ಇರಲಿಲ್ಲ.
ಅಂಗಳದಷ್ಟಗಲ ತುಳಿದ ಕೆಸರು,
ಪುಟ್ಟ ಬೋಗುಣಿಯಂಥ ಮರಿಯ ಹೆಜ್ಜೆಯಲ್ಲಿ
ಏಳೆಂಟು ಬೀಜ.
ಸಾರಿಗಾಗುತ್ತೆ ಅಂತ ಅಭ್ಯಾಸದ ಕೈ ಆರಿಸಿಬಿಟ್ಟಿತು.

ಈಗ ಟವೆಲ್ಲಿನಲ್ಲಿ ಕಟ್ಟಿಕೊಂಡು ನಿಂತಿದ್ದೇನೆ.
ಗುಂಡಿ ತೋಟದಾಚೆ.
ಕತ್ತಲಾಗುತ್ತಿದೆ.